ಮುಯ್ಯಿ ಬೇಡ ಎಂದ ಸೊಸೆ

ದೂಪನಹಳ್ಳಿಯ ಮಂಜುಳಮ್ಮನವರನ್ನು ಯಾರಾದರೂ ಒಳ್ಳೆಯವರು ಎಂದು ಹೊಗಳಿಬಿಟ್ಟರೆ ಅವರಿಗೆ ಮೈಯೆಲ್ಲ ತುರಿಕೆ ಎದ್ದಂತಾಗುತ್ತಿತ್ತು.

"ನಾನ್ಯಾಕಮ್ಮ ಒಳ್ಳೇವ್ಳಾಗ್ಲಿ? ಅದ್ಕೆಲ್ಲ ಪುರುಸೊತ್ತು ಎಲ್ಲೈತೆ ನಂಗೆ?" ಎಂದು ಸೆರಗು ಕೊಡವಿಕೊಂಡು ಎದ್ದುಬಿಡುತ್ತಿದ್ದರು.

ನಲ್ಲಿಯಲ್ಲಿ ನೀರು ನಿಂತ ದಿನ ಅವರು ತಮ್ಮ ಸಂಪಿನ ಮುಚ್ಚಳ ತೆಗೆಸಿ ಬೀದಿಗೆಲ್ಲ ನೀರು ಕೊಡುತ್ತಿದ್ದದ್ದು ನಿಜ. ಕಾರಣ ಕೇಳಿದರೆ, "ಅವ್ರ ಮನೇಲಿ ನೀರಿಲ್ದಿದ್ರೆ ಜಗಳ ಎಲ್ಲಿಗೆ ಬತ್ತದೆ? ನನ್ನ ಗೇಟಿಗೇ. ಮಧ್ಯಾಹ್ನ ನನ್ನ ನಿದ್ದೆ ನಂಗೆ ಬೇಕು" ಎನ್ನುತ್ತಿದ್ದರು. ಎದುರುಮನೆಯ ಮಗುವಿಗೆ ಜ್ವರ ಬಂದಾಗ ಆಟೋ ಹಿಡಿದು ಹಲಸೂರಿನ ಡಾಕ್ಟರ ಹತ್ತಿರ ಓಡಿದ್ದೂ ಅವರೇ. "ಆ ಮಗು ರಾತ್ರಿಯೆಲ್ಲ ಅತ್ರೆ ಕಿವಿ ಯಾರದು? ನಂದು." ಅವರ ಪ್ರಕಾರ ಈ ಭೂಮಿಯ ಮೇಲೆ ಅವರು ಇಂದಿನವರೆಗೆ ಒಂದೇ ಒಂದು ಉಪಕಾರವನ್ನೂ ಮಾಡಿದವರಲ್ಲ. ಮಾಡಿದ್ದೆಲ್ಲ ಸ್ವಂತಕ್ಕೆ.

ಹಿಂದಿನ ವೈಶಾಖದಲ್ಲಿ ಸೊಸೆಯಾಗಿ ಬಂದ ಹಂಸಳಿಗೆ ಇದನ್ನು ಕೇಳಿ ಒಳಗೊಳಗೇ ಗಾಬರಿಯಾಗಿತ್ತು. ಹಂಸ ಫಿಲಾಸಫಿಯಲ್ಲಿ ಬಿ.ಎ. ಮಾಡಿದವಳು. ನೀತಿಶಾಸ್ತ್ರದ ಪರೀಕ್ಷೆಯಲ್ಲಿ, ಲಾಭದ ಮೇಲೆ ಕಣ್ಣಿಟ್ಟು ಮಾಡಿದ ಒಳ್ಳೆಯದು ಒಳ್ಳೆಯದೇ ಅಲ್ಲ, ಅದು ಬರೀ ವ್ಯಾಪಾರ ಎಂದು ಪುಟಗಟ್ಟಲೆ ಬರೆದು ಕ್ಲಾಸಿಗೇ ಮೊದಲು ಬಂದಿದ್ದಳು. ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲದವರಿಗೆ ಬರೆಯುವಾಗ ಎಲ್ಲಿಲ್ಲದ ಧೈರ್ಯ ಬರುತ್ತದೆ. ಆದರೆ ಅತ್ತೆಯ ಎದುರಿಗೆ ಉತ್ತರಪತ್ರಿಕೆ ಬಿಡಿಸುವುದು ಹೇಗೆ? ಈ ಮನೆಗೆ ಬಂದಮೇಲೆ ಅವಳ ಬಾಯಿಂದ ಹೆಚ್ಚು ಸಲ ಹೊರಬಿದ್ದ ಮಾತೆಂದರೆ "ಹೂಂ ಅತ್ತೆ" ಮಾತ್ರ.

ಅವಳ ತವರು ಕೃಷ್ಣರಾಜಪುರದ ರೈಲ್ವೆ ಕ್ವಾರ್ಟರ್ಸು. ಅಪ್ಪ ಅಂಜನಮೂರ್ತಿ ಗೂಡ್ಸ್ ಗಾಡಿಯ ಗಾರ್ಡು. ಆ ಕ್ವಾರ್ಟರ್ಸಿನಲ್ಲಿ ಇವತ್ತು ಪಕ್ಕದ ಮನೆಯಲ್ಲಿದ್ದವರು ನಾಳೆ ಜೋಲಾರಪೇಟೆಗೋ ಗುಂತಕಲ್ಲಿಗೋ ವರ್ಗವಾಗಿ ಹೋಗಿಬಿಡುತ್ತಿದ್ದರು. ಕೊಟ್ಟದ್ದು ವಾಪಸ್ಸು ಬರುವಷ್ಟರಲ್ಲಿ ಕೊಟ್ಟವರೋ ತಗೊಂಡವರೋ ಯಾರೋ ಒಬ್ಬರು ಇರುತ್ತಿರಲಿಲ್ಲ. ಹೀಗಾಗಿ ಅಂಜನಮೂರ್ತಿಯವರು ಮಕ್ಕಳಿಗೆ ಹೇಳಿಕೊಟ್ಟದ್ದು ಒಂದೇ ಪಾಠ: "ಕೊಟ್ಟು ಮರೆತುಬಿಡು. ತಗೊಂಡು ಯಾರ ಹಂಗಿಗೂ ಬೀಳಬೇಡ." ಅವರು ಡ್ಯೂಟಿಗೆ ಹೋದ ಕಡೆ ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಸಹ ಕುಡಿಯುತ್ತಿರಲಿಲ್ಲವಂತೆ.

ಡಿಸೆಂಬರ್ ಬಂತು. ಅವರೆಕಾಯಿಯೂ ಬಂತು.

ದೂಪನಹಳ್ಳಿಯ ಹೊಲಗಳೆಲ್ಲ ಇಂದಿರಾನಗರದ ಸೈಟುಗಳಾಗಿ ಹೋಗಿ ಎಷ್ಟೋ ಕಾಲವಾಗಿತ್ತು. ಒಬ್ಬರ ಹೊಲದ ಕಳೆಗೆ ಇನ್ನೊಬ್ಬರು ಹೋಗಿ, ತಮ್ಮ ಹೊಲದ ಕಳೆಗೆ ಅವರನ್ನು ಕರೆಯುವ ಮುಯ್ಯಾಳಿನ ಪದ್ಧತಿ ಮಾತ್ರ, ಹೊಲ ಹೋದಮೇಲೆ ಎಲ್ಲಿಗೆ ಹೋಗಬೇಕೋ ತಿಳಿಯದೆ, ಅವರೆಕಾಯಿಯ ಮೊರದಲ್ಲಿ ಬಂದು ಕೂತಿತ್ತು. ಹಿದುಕಿದ ಬೇಳೆಯ ಸಾರು ಒಂಟಿ ಹೆಂಗಸಿನ ಕೆಲಸವಲ್ಲ. ಕಾಯಿ ಸುಲಿಯಬೇಕು, ಕಾಳು ನೆನೆಹಾಕಬೇಕು, ನೆನೆದ ಒಂದೊಂದು ಕಾಳನ್ನೂ ಬೆರಳಲ್ಲಿ ಹಿಸುಕಿ ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸಬೇಕು. ಆದ್ದರಿಂದ ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ. ಹೆಂಗಸರು ತಮ್ಮ ತಮ್ಮ ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು ಜಗಲಿಯ ಮೇಲೆ ದುಂಡಗೆ ಕೂತರೆಂದರೆ ಕೈಗೂ ಬಾಯಿಗೂ ಬಿಡುವಿಲ್ಲ. ಏರ್‌ಪೋರ್ಟಿನ ವಿಮಾನ ತಲೆಯ ಮೇಲೆ ಹೋಗುವಾಗ ಮಾತ್ರ ಬಾಯಿ ಒಂದಿಷ್ಟು ನಿಲ್ಲುತ್ತಿತ್ತು, ಕೈ ಆಗಲೂ ನಿಲ್ಲುತ್ತಿರಲಿಲ್ಲ.

ಹಂಸಳಿಗೆ ಈ ಕೂಟ ಸ್ವರ್ಗವಾಗಿ ಕಂಡಿತು. ಜನರ ನಡುವೆ ಇರಬೇಕು, ಆದರೆ ಮಾತಾಡಬೇಕಾಗಿಲ್ಲ! ತಲೆ ತಗ್ಗಿಸಿಕೊಂಡು ಕಾಯಿ ಸುಲಿಯುತ್ತಾ ಎಲ್ಲರ ಮಾತನ್ನೂ ಕೇಳಬಹುದು. ಅವಳ ಬೆರಳುಗಳೋ, ಬಾಯಿಯ ಪಾಲಿನ ಚುರುಕನ್ನೂ ತಾವೇ ಕಿತ್ತುಕೊಂಡಂತಿದ್ದವು. ಹಿಂದಿನ ಸಾಲಿನ ಬಾಡಿಗೆಮನೆಯ, ತಮಿಳು ಮನೆಮಾತಿನ ಟೈಲರ್ ಶಾಂತಕುಮಾರಿಯ ಮನೆಗೆ ಹೋಗಿ ಸುಲಿದುಕೊಟ್ಟಳು. ಮೂಲೆಮನೆಯ ಖುರ್ಷಿದ್ ಬೀ ಮನೆಗೂ ಹೋದಳು.

"ಅರೆ, ಈ ಹುಡುಗೀದು ಕೈಯಾ, ಮಿಷನ್ನಾ?" ಎಂದು ಖುರ್ಷಿದ್ ಬೀ ಕಣ್ಣರಳಿಸಿದರೆ, "ಎನ್ನಮ್ಮಾ ಸ್ಪೀಡು! ಇವಳನ್ನ ನಮ್ಮ ಕಟಿಂಗ್ ಟೇಬಲ್ಲಿಗೆ ಕೂರಿಸಿದ್ರೆ ನಾನು ಮನೇಲಿ ಮಲಗ್ಬಹುದು" ಎಂದು ಶಾಂತಕುಮಾರಿ ನಕ್ಕಳು. ಹಂಸ ಕಿವಿ ಕೆಂಪು ಮಾಡಿಕೊಂಡು ಇನ್ನಷ್ಟು ವೇಗವಾಗಿ ಸುಲಿದಳು.

ಮುಂದಿನ ವಾರ ಮಂಜುಳಮ್ಮನವರು ಒಂದು ಚೀಲ ಕಾಯಿ ತರಿಸಿಟ್ಟು ಹಲಸೂರು ಮಾರ್ಕೆಟ್ಟಿಗೆ ಹೋಗಿದ್ದರು. ಹಂಸ ಬೆಳಗ್ಗೆ ಬೇಗನೆ ಎದ್ದು, ಯಾರಿಗೂ ತೊಂದರೆ ಬೇಡವೆಂದು, ಒಬ್ಬಳೇ ಕೂತು ಅಷ್ಟನ್ನೂ ಸುಲಿದು ಮುಗಿಸಿದಳು. ಹತ್ತು ಗಂಟೆಗೆ ಶಾಂತಕುಮಾರಿಯೂ ಖುರ್ಷಿದ್ ಬೀಯೂ ತಟ್ಟೆ ಹಿಡಿದು ಬಂದರು.

"ಎಲ್ಲಾ ಆಗೋಯ್ತು ಅಕ್ಕ," ಎಂದಳು ಹಂಸ, ನೆಲ ನೋಡುತ್ತಾ. "ನೀವ್ಯಾಕೆ ತೊಂದ್ರೆ ತಗೊಂಡ್ರಿ? ನಾನೇನೂ ವಾಪಸ್ ಮಾಡ್ಕೊಡ್ಲಿ ಅಂತ ಮಾಡ್ಲಿಲ್ಲ. ಮುಯ್ಯಿಗಿಯ್ಯಿ ಎಲ್ಲಾ ನಂಗೆ ಬೇಡ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸೆರಿಮ್ಮಾ," ಎಂದು ಶಾಂತಕುಮಾರಿ ತಟ್ಟೆಯನ್ನು ಮತ್ತೆ ಕಂಕುಳಿಗೆ ಸೇರಿಸಿದಳು. ಹಂಸಳಿಗೆ ಅವತ್ತೆಲ್ಲ ಮನಸ್ಸು ಹಗುರ. ಕೊಟ್ಟು ಮರೆತಿದ್ದಳು, ಅಪ್ಪ ಹೇಳಿದ ಹಾಗೆ. ಇದಕ್ಕಿಂತ ಶುದ್ಧವಾದ ಒಳ್ಳೆಯತನ ಯಾವ ಪಠ್ಯದಲ್ಲಿದ್ದೀತು?

ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ.

ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಶಾಂತಕುಮಾರಿಯ ಜಗಲಿಯಲ್ಲಿ ಕೂಟ ಸೇರಿದ ಸದ್ದು ಕಿಟಕಿಯಿಂದ ಕೇಳುತ್ತಿತ್ತು. "ಮಂಜುಳಕ್ಕಾ, ಬರ್ತೀರಾ?" ಎಂದು ಅತ್ತೆಯನ್ನು ಕೂಗುತ್ತಿದ್ದರು, ಅತ್ತೆ ಹೋಗುತ್ತಿದ್ದರು. ಇವಳು ಎದುರಿಗೆ ಸಿಕ್ಕರೆ "ಊಟ ಆಯ್ತಾ?" ಎಂದು ಕೇಳುತ್ತಿದ್ದರು, ಬ್ಯಾಂಕಿನ ಕೌಂಟರಿನಲ್ಲಿ ಕೇಳುವಂಥ ಮರ್ಯಾದೆಯಿಂದ. ಜಗಳವಿಲ್ಲ, ಮುನಿಸಿಲ್ಲ, ಕರೆಯೂ ಇಲ್ಲ. ಅವರೆಕಾಯಿಯ ಸೊಗಡು ಮಾತ್ರ ಕರೆಯದೆಯೇ ಗೋಡೆ ದಾಟಿ ಬರುತ್ತಿತ್ತು.

ಹೀಗಿರುವಾಗ ಸಂಕ್ರಾಂತಿ ಬಂತು. ತೊಂಬತ್ತೊಂಬತ್ತರ ಆ ವರ್ಷ ಸಂಕ್ರಾಂತಿಯೂ ರಮ್‌ಜಾನೂ ಒಂದೇ ತಿಂಗಳಲ್ಲಿ ಬಿದ್ದಿದ್ದವು. ಮದುವೆಯಾದ ಮೊದಲ ವರ್ಷ, ಸಂಕ್ರಾಂತಿ ಕಳೆದ ಭಾನುವಾರ ಹೆಣ್ಣಿನ ಕಡೆಯವರನ್ನು ಕರೆದು ಹಿದುಕಿದ ಬೇಳೆ ಸಾರು, ಮುದ್ದೆ ಹಾಕುವುದು ಮಂಜುಳಮ್ಮನವರ ಮನೆತನದ ರೂಢಿ. ಕೃಷ್ಣರಾಜಪುರದಿಂದ ಅಪ್ಪ, ಅಮ್ಮ, ಚಿಕ್ಕಪ್ಪ, ಅತ್ತೆಯರು, ಅವರ ಮಕ್ಕಳುಮರಿ ಎಲ್ಲ ಸೇರಿ ನಲವತ್ತು ಬಾಯಿ. ಶುಕ್ರವಾರ ಸಂಜೆ ಹೊಸಕೋಟೆ ಕಡೆಯಿಂದ ಟೆಂಪೋದಲ್ಲಿ ಎರಡು ಮೂಟೆ ಅವರೆಕಾಯಿ ಬಂದಿಳಿಯಿತು. ಮಂಜುಳಮ್ಮನವರು ಮೂಟೆಯ ಬಾಯಿ ಬಿಚ್ಚಿ ಮೂಸಿ ನೋಡಿ, "ಒಳ್ಳೆ ಸೊಗಡು. ಸರಿ, ಕರಿ ನಿನ್ನ ಕೈಗಳ್ನ" ಎಂದರು.

"ನಾನಾ ಅತ್ತೆ?"

"ಮತ್ಯಾರು? ಬರೋರು ನಿನ್ನ ತವರೋರು. ಇದು ನಿನ್ನ ಮುಯ್ಯಿ ಕಣಮ್ಮಿ. ನನ್ನ ಮುಯ್ಯಿ ನಂದು. ಅದನ್ನ ನಾನು ಸುನಿಲನ ಮದುವೇಗೆ ಇಟ್ಕೊಂಡಿವ್ನಿ." ಸುನಿಲ ಅವರ ಎರಡನೆಯ ಮಗ. ಅವನಿನ್ನೂ ಡಿಪ್ಲೊಮಾ ಓದುತ್ತಿದ್ದ.

ಹಂಸಳ ಗಂಡ ಆನಂದ್ ಹಳೇ ಮದ್ರಾಸ್ ರಸ್ತೆಯಲ್ಲಿ ಎಸ್.ಟಿ.ಡಿ. ಬೂತ್ ಇಟ್ಟಿದ್ದವನು. ಎಲ್ಲ ಕಷ್ಟಕ್ಕೂ ಫೋನಿನಲ್ಲೇ ಪರಿಹಾರವಿದೆ ಎಂದು ನಂಬಿದ್ದವನು. "ಅದ್ಕೇನ್ ಗುರು ಇಷ್ಟು ತಲೆಬಿಸಿ? ಹಿದುಕಿದ್ದೇ ಸಿಗುತ್ತೆ ಮಾರ್ಕೆಟ್ಟಲ್ಲಿ. ಒಂದು ಫೋನ್ ಮಾಡಿದ್ರೆ ಬರುತ್ತೆ" ಎಂದ.

"ತತ್ತಾ, ತಂದು ನೀನೇ ತಿನ್ನು," ಎಂದರು ಅವನ ತಾಯಿ. "ಬೀಗರಿಗೆ ಅಂಗಡಿ ಬೇಳೆ ಆಕಿದ್ರೆ ಏನಂತಾರೆ ಗೊತ್ತಾ? ನಿಮ್ಮ ಮಗಳಿಗೆ ಈ ಬೀದೀಲಿ ಒಂದು ಕೈಯೂ ಹುಟ್ಟಲಿಲ್ಲ ಅಂತಾರೆ."

ಒಂದು ಕೈಯೂ ಹುಟ್ಟಿಲ್ಲ! ಹಂಸ ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಅಪ್ಪ ಬಂದು ಈ ಮನೆಯಲ್ಲಿ ಕೂತು, ತನ್ನ ಮಗಳು ಈ ಬೀದಿಗೆ ಇನ್ನೂ ಪರದೇಶಿಯೇ ಎಂದು ನೋಡಿಕೊಂಡು ಹೋಗುವುದನ್ನು ನೆನೆದರೆ ಹೊರಗೆ ಬರಲು ಮನಸ್ಸೇ ಆಗಲಿಲ್ಲ. ಹಿಂದೆಯೇ ಬಂದ ಮಂಜುಳಮ್ಮನವರು ಒಲೆಗೆ ಹಾಲಿಟ್ಟು ಸೌಟಿನಿಂದ ತಿರುವತೊಡಗಿದರು. ಕೊನೆಗೆ ಹಂಸಳೇ ಕೇಳಿದಳು.

"ನಾನೇನು ತಪ್ಪು ಮಾಡ್ದೆ ಅತ್ತೆ? ಅವ್ರಿಗೆ ಸಹಾಯಾನೇ ಮಾಡಿದ್ದು. ಏನೂ ಕೇಳ್ಲಿಲ್ಲ."

"ಅದೇ ತಪ್ಪು. ಶಾಂತಿ ತಟ್ಟೆ ತಗೊಂಡು ಬಂದ್ಲು, ನೀನು ಬೇಡ ಅಂದೆ. ಅಂದ್ರೇನು? ನಾನು ದೊಡ್ಡೋಳು, ನೀನು ಚಿಕ್ಕೋಳು. ನಾನು ನಿಂಗೆ ಮಾಡ್ಬಹುದು, ನೀನು ನಂಗೆ ಮಾಡೋ ಅಂಥದ್ದು ಏನೂ ಇಲ್ಲ. ಇವತ್ತಿಗೂ ಬೇಡ, ನಾಳೆಗೂ ಬೇಡ. ಅಂಗಂದಮೇಲೆ ಅವಳು ಯಾವ ಮುಖ ಇಟ್ಕೊಂಡು ನಿನ್ನ ಕರೀತಾಳೆ? ಭಿಕ್ಷೆ ಬೇಡ್ದಂಗಾಗಲ್ವಾ?"

ಶುದ್ಧ ಎಂದುಕೊಂಡಿದ್ದ ಒಳ್ಳೆಯತನದೊಳಗೆ ಇಷ್ಟು ದೊಡ್ಡ ಜಂಬ ಅಡಗಿತ್ತೆಂದು ಹಂಸಳಿಗೆ ಹೊಳೆದೇ ಇರಲಿಲ್ಲ. ಆದರೂ ಕ್ಲಾಸಿಗೆ ಮೊದಲು ಬಂದ ಹುಡುಗಿ ಅಷ್ಟು ಸುಲಭಕ್ಕೆ ಸೋಲುವವಳಲ್ಲ.

"ಹಾಗಾದ್ರೆ ಎಲ್ಲರೂ ಎಲ್ಲಾನೂ ಸ್ವಂತಕ್ಕೇ ಮಾಡೋದಾ ಅತ್ತೆ?"

"ಇನ್ನೇನ್ ಮತ್ತೆ? ನನ್ನ ಸಾರು ಆಗ್ಬೇಕಾದ್ರೆ ಅವಳ ಕೈ ಬೇಕು. ಅವಳ ಸಾರಿಗೆ ನನ್ನ ಕೈ ಬೇಕು. ಇಷ್ಟು ತಿಳ್ಕೊಂಡ್ರೆ ಬೀದಿ ನೆಟ್ಟಗಿರುತ್ತೆ. ಧರ್ಮ, ಪುಣ್ಯ ಅಂತ ಒಬ್ರ ಮೇಲೊಬ್ರು ಹತ್ತಿ ಕೂರೋದು ಬೇಕಾಗಿಲ್ಲ."

"ಹಾಗಾದ್ರೆ ಅಯ್ಯಮ್ಮ?"

ಅಯ್ಯಮ್ಮ ಬೀದಿಯ ಕೊನೆಯ ಮನೆಯ ಮುದುಕಿ. ಸಂಧಿವಾತದಿಂದ ಬೆರಳುಗಳು ಬೇರಿನ ಹಾಗೆ ತಿರುಚಿಕೊಂಡು ವರ್ಷಗಳೇ ಆಗಿದ್ದವು. ಅವಳಿದ್ದ ಮನೆಯ ಹೆಣ್ಣುಮಕ್ಕಳೆಲ್ಲ ಗಾರ್ಮೆಂಟ್ಸಿಗೆ ಹೋಗುವವರು, ಆ ಮನೆಯಲ್ಲಿ ಹಿದುಕಿದ ಬೇಳೆ ಮಾಡುವ ಮಾತೇ ಇಲ್ಲ. ಆದರೆ ಬೀದಿಯ ಯಾವ ಮನೆಯಲ್ಲಿ ಸಾರು ಇಳಿದರೂ ಮೊದಲ ಬಟ್ಟಲು ಅಯ್ಯಮ್ಮನಿಗೆ ಹೋಗುತ್ತಿತ್ತು.

"ಅಯ್ಯಮ್ಮನ ಕೈಯಿಂದ ನಿಮಗೇನು ವಾಪಸ್ ಬರುತ್ತೆ ಅತ್ತೆ?"

ಮಂಜುಳಮ್ಮನವರು ಹಾಲು ತಿರುವುತ್ತಿದ್ದ ಸೌಟನ್ನು ನಿಲ್ಲಿಸಿದರು. "ಅವಳು ಹಿಂದೆ ನಮ್ಮತ್ತೆಗೆ ಸುಲ್ಕೊಟ್ಟವ್ಳೆ. ಅದ್ನ ತೀರಿಸ್ತಿದೀನಿ."

"ಖುರ್ಷಿದ್ ಆಪಾ ಬೀದಿಗೆ ಬಂದಿದ್ದೇ ಈಚೆಗೆ. ಅವ್ರು ಯಾಕೆ ಕಳಿಸ್ತಾರೆ?"

"ಮುದುಕಿ ಶಾಪಗೀಪ ಆಕ್ಬಿಟ್ರೆ ಅಂತ ಇರ್ಬೇಕು."

"ಅಯ್ಯಮ್ಮನಿಗೆ ಶಾಪ ಹಾಕೋಕೆ ಬರುತ್ತಾ?"

"ಬರಲ್ಲ," ಎಂದು ಮಂಜುಳಮ್ಮನವರು ಒಪ್ಪಿಕೊಂಡರು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. "ನೋಡು, ನಿನ್ನ ಮಾತಿಗೆ ಹಾಲು ಹೋಯ್ತು! ಹೂಂ ಅತ್ತೆ, ಹೂಂ ಅತ್ತೆ ಅಂತಿದ್ದೋಳು ಇವತ್ತು ಲಾಯರ್ ಆಗ್ಬಿಟ್ಳು. ತಡಿ, ಯೋಚನೆ ಮಾಡಿ ಹೇಳ್ತೀನಿ." ಒಲೆ ಒರೆಸುತ್ತಾ ಅವರಿಗೆ ನಗು ತಡೆಯಲಾಗಲಿಲ್ಲ. ಹಂಸಳಿಗೂ ನಗು ಬಂತು. ಅತ್ತೆಯ ಜೊತೆ ಅವಳು ನಕ್ಕದ್ದು ಅದೇ ಮೊದಲು.

ನಗು ಬಂದರೇನು, ಮೂಟೆ ಮೂಟೆಯಾಗಿಯೇ ಇತ್ತು. ಶನಿವಾರ ಬೆಳಗ್ಗೆ ಹಂಸ ಬೀದಿಗಿಳಿದಳು. ಶಾಂತಕುಮಾರಿಯ ಬಾಗಿಲವರೆಗೆ ಹೋದಳು, ಹೊಲಿಗೆ ಮಿಷನ್ನಿನ ಸದ್ದು ಕೇಳಿ ಮುಂದಕ್ಕೆ ಹೋದಳು. ಖುರ್ಷಿದ್ ಬೀಯ ಪರದೆಯ ಮುಂದೆ ನಿಂತಳು. ಉಪವಾಸದಲ್ಲಿರುವವರನ್ನು ಹೇಗೆ ಕರೆಯುವುದು ಎಂದು ತನಗೆ ತಾನೇ ನೆಪ ಹೇಳಿಕೊಂಡು ಇನ್ನೂ ಮುಂದಕ್ಕೆ ಹೋದಳು. ಹಾಗೆ ಹೋಗುತ್ತಾ ಹೋಗುತ್ತಾ ಬೀದಿಯೇ ಮುಗಿದುಹೋಗಿ, ಬಿಸಿಲಿಗೆ ಕಾಲು ಚಾಚಿ ಕೂತಿದ್ದ ಅಯ್ಯಮ್ಮನ ಎದುರಿಗೆ ಬಂದು ನಿಂತಳು.

ಅವಳಿಗೊಂದು ಉಪಾಯ ಹೊಳೆಯಿತು. ಅಯ್ಯಮ್ಮ ಹೇಗೂ ಬರಲಾರಳು. ಇವಳ ಮುಂದೆ ಒಂದು ಸಲ ಮಾತು ಹೇಳಿ ಬಾಯಿ ಪಳಗಿಸಿಕೊಂಡರೆ ಉಳಿದವರ ಹತ್ತಿರ ಹೋಗಬಹುದು.

"ಅಯ್ಯಮ್ಮಾ," ಎಂದಳು. "ನಾಳೆ ನಮ್ಮಪ್ಪಾಜಿ ಅವ್ರೆಲ್ಲ ಬರ್ತಿದಾರೆ. ಎರಡು ಮೂಟೆ ಕಾಯಿ ಐತೆ. ನನ್ನೊಬ್ಳ ಕೈಲಿ ಆಗಲ್ಲ. ನಿಮ್ಮ ಕೈ ಬೇಕು. ಬರ್ತೀರಾ?"

ಅಯ್ಯಮ್ಮ ತಲೆ ಎತ್ತಿ ನೋಡಿದಳು. ತನ್ನ ಬೆರಳುಗಳನ್ನು ನೋಡಿಕೊಂಡಳು. ಮತ್ತೆ ಹಂಸಳನ್ನು ನೋಡಿದಳು.

"ನನ್ನ ಕರೀತಿದೀಯಾ? ಕಾಯಿ ಸುಲಿಯಕ್ಕೆ?"

"ಹೂಂ."

"ಅಯ್ಯೋ ನನ್ನ ಕಂದ! ಕೈ ಕೊಂಕಾದ ಮೇಲೆ ಬಟ್ಲು ಕೊಡೋಕೆ ಬಂದವ್ರೇ ಎಲ್ಲಾ. ಕರಿಯೋಕೆ ಒಬ್ರೂ ಬಂದಿರ್ಲಿಲ್ಲ ಕಣವ್ವ!" ಎಂದವಳೇ ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ, ತಟ್ಟೆಯನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು ಹೊರಗೆ ಬಂದಳು. ಹಂಸಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಪಳಗಿಸಿಕೊಳ್ಳಲು ಆಡಿದ ಮಾತೆಂದು ಈಗ ಹೇಳುವುದಾದರೂ ಹೇಗೆ? ಅಯ್ಯಮ್ಮ ಆಗಲೇ ಬೀದಿಯಲ್ಲಿದ್ದಳು. ಬೆರಳು ಕೊಂಕಾಗಿದ್ದರೂ ಗಂಟಲು ನೆಟ್ಟಗಿತ್ತು.

"ಏಯ್ ಶಾಂತೀ! ನಿಲ್ಸೇ ನಿನ್ನ ಗಿರಗಿರ! ಮಂಜುಳನ ಸೊಸೆ ಮುಯ್ಯಿ ಕರಿಯಾಕೆ ಬಂದವ್ಳೆ! ನನ್ನೇ ಮೊದ್ಲು ಕರದ್ಲು! ಖುರ್ಷಿದಾ, ಏಳೇ!"

ಮಿಷನ್ನು ನಿಂತಿತು. ಪರದೆ ಸರಿಯಿತು. ಶಾಂತಕುಮಾರಿ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎನ್ನಮ್ಮಾ ಮಹಾತಾಯಿ? ಮುಯ್ಯಿ ನಿಂಗೆ ಬೇಡ ಅಂದೆಯಲ್ಲ? ಈಗ ಬೇಕಾ?"

ಹಂಸಳಿಗೆ ಓಡಿಹೋಗಬೇಕೆನಿಸಿತು. ಆದರೆ ಅಯ್ಯಮ್ಮನ ಮಣಿಕಟ್ಟುಗಳ ನಡುವೆ ತಟ್ಟೆ ನಡುಗುತ್ತಿತ್ತು. ಅದನ್ನು ಬಿಟ್ಟು ಓಡುವುದು ಹೇಗೆ?

"ಬೇಕು ಅಕ್ಕ," ಎಂದಳು. "ಬಡ್ಡಿ ಸಮೇತ ಬೇಕು."

ಶಾಂತಕುಮಾರಿ ಬೀದಿಯ ಕಾಗೆಗಳೆಲ್ಲ ಎದ್ದು ಹಾರುವ ಹಾಗೆ ನಕ್ಕಳು. "ಅಡಿಪ್ಪಾವಿ! ಬಾಯಿ ಐತೆ ಇವಳಿಗೆ! ಖುರ್ಷಿದಕ್ಕಾ, ತಟ್ಟೆ ತಗೊಳ್ಳಿ!"

"ರೋಜಾದಲ್ಲಿ ಅವರೆಕಾಯಿ ಸೊಗಡು ಮೂಗಿಗೆ ಹೊಡೆದ್ರೆ ಅದೇ ದೊಡ್ಡ ಇಮ್ತಿಹಾನ್, ದೊಡ್ಡ ಪರೀಕ್ಷೆ," ಎಂದು ಖುರ್ಷಿದ್ ಬೀ ಗೊಣಗಿಕೊಂಡೇ ಚಪ್ಪಲಿ ಮೆಟ್ಟಿದರು. "ಬಂದೆ ಜೀ, ಬಂದೆ."

ಮಧ್ಯಾಹ್ನದ ಹೊತ್ತಿಗೆ ಜಗಲಿಯಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಮೊದಲ ಸಾಲಿನವರು, ಹಿಂದಿನ ಸಾಲಿನವರು, ಹಂಸಳಿಗೆ ಹೆಸರೂ ಗೊತ್ತಿರದವರು ತಟ್ಟೆ ಹಿಡಿದು ಬಂದು ಕೂತರು. ಸಿಪ್ಪೆಯನ್ನು ಬಾಚಿ ಬಾಚಿ ಬೀದಿಗೆ ಎರಚಿದರು. ಆ ಸಿಪ್ಪೆಯನ್ನು ದಾರಿಹೋಕರು ಎಷ್ಟು ತುಳಿದರೆ ಸಾರು ಅಷ್ಟು ರುಚಿ ಎಂಬುದು ಬೀದಿಯ ನಂಬಿಕೆ. ಊಟಕ್ಕೆಂದು ಬೂತ್ ಮುಚ್ಚಿ ಬಂದ ಆನಂದನನ್ನು ಗೇಟಿನಲ್ಲೇ ತಡೆದು, "ಬಿಟ್ಟಿ ಒಳಗೆ ಬರಂಗಿಲ್ಲ ಮಗಾ, ತುಳಿದು ಬಾ" ಎಂದು ಎರಡು ಸುತ್ತು ನಡೆಸಿದರು. ಅವನು ಪ್ಯಾಂಟು ಮಡಚಿಕೊಂಡು ಅಪ್ಪಣೆ ಪಾಲಿಸಿದ.

ಬಿಸಿನೀರಲ್ಲಿ ನೆನೆದ ಕಾಳು ಸಾಯಂಕಾಲಕ್ಕೆ ಹಿದುಕುವ ಹದಕ್ಕೆ ಬಂತು. ಈಗ ಶುರುವಾಯಿತು ನಿಜವಾದ ಆಟ. ಒಂದೊಂದು ಕಾಳೂ ಚಿಟಕ್ಕನೆ ಚಿಮ್ಮುವಾಗ ಗುರಿಯಿಟ್ಟರೆ ಎದುರಿನವರ ಮೂಗಿಗೇ ಹೊಡೆಯಬಹುದು. ಶಾಂತಕುಮಾರಿ ಮಂಜುಳಮ್ಮನವರ ಹಣೆಗೆ ಹೊಡೆದಳು. ಮಂಜುಳಮ್ಮನವರು ಗುರಿ ತಪ್ಪಿ ಖುರ್ಷಿದ್ ಬೀಯ ಕಿವಿಗೆ ಹೊಡೆದರು. ಎಲ್ಲರ ಕೈಯೂ ಮೊಣಕೈವರೆಗೆ ಲೋಳೆ ಲೋಳೆ.

ಕೈ ಒಣಗಿದ್ದವಳು ಅಯ್ಯಮ್ಮ ಒಬ್ಬಳೇ. ಅವಳು ಮಧ್ಯಾಹ್ನ ಒಂದೆರಡು ಕಾಯಿಯ ಜೊತೆ ಗುದ್ದಾಡಿ ಕೈಬಿಟ್ಟಿದ್ದಳು. ಮಂಕಾಗಿ ಕೂತಿದ್ದಳು ಕೂಡ. ಆದರೆ ಈಗ ಯಾರಿಗೋ ಕೆನ್ನೆ ತುರಿಸಿತು, ಯಾರದೋ ಕೂದಲು ಕಣ್ಣಿಗೆ ಬಿತ್ತು, ಯಾರಿಗೋ ಬಾಯಾರಿತು. "ಅಯ್ಯಮ್ಮಾ, ಇಲ್ಲಿ!", "ಅಯ್ಯಮ್ಮಾ, ನಂಗೆ!" ಎಂಬ ಕೂಗು ಎದ್ದಿತು. ಅವಳು ಎದ್ದು ಒಬ್ಬೊಬ್ಬರ ಹತ್ತಿರವೂ ಹೋಗಿ ಮುಂಗೈಯಿಂದ ಕೆನ್ನೆ ತುರಿಸಿದಳು, ಕೂದಲು ಸರಿಸಿದಳು, ಬಾಯಿಗೆ ಬೆಲ್ಲ, ಕಡ್ಲೆಪುರಿ ಹಾಕಿದಳು. ಮಸೀದಿಯಿಂದ ಸಂಜೆಯ ಬಾಂಗ್ ಕೇಳಿದಾಗ ಖುರ್ಷಿದ್ ಬೀಯ ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ಖರ್ಜೂರವನ್ನು ಎರಡು ಗೆಣ್ಣುಗಳ ನಡುವೆ ಹಿಡಿದು, ಮಗುವಿಗೆ ತಿನ್ನಿಸುವ ಹಾಗೆ ಬಾಯಿಗಿಟ್ಟಳು. ಹಿಂದೆಯೇ ಒಂದು ಲೋಟ ನೀರನ್ನೂ ಕುಡಿಸಿದಳು. ಖುರ್ಷಿದ್ ಬೀ ಕಣ್ಣು ಮುಚ್ಚಿ ನುಂಗಿದರು. ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ, ವಿಮಾನ ಯಾವುದೂ ಹೋಗುತ್ತಿರಲಿಲ್ಲ, ಆದರೂ.

"ನೋಡ್ದೇನೇ!" ಎಂದು ಮಂಜುಳಮ್ಮನವರು ಸೊಸೆಯನ್ನು ಮೊಣಕೈಯಿಂದ ತಿವಿದರು. "ನಿನ್ನೆ ಕೇಳ್ದೆಯಲ್ಲ ಅಯ್ಯಮ್ಮನಿಂದ ಏನು ಬತ್ತದೆ ಅಂತ? ಬಂತು! ಲೆಕ್ಕ ತೀರ್ತು!"

"ಇವತ್ತು ಬಂತು ಅತ್ತೆ," ಎಂದಳು ಹಂಸ, ಎಲ್ಲರಿಗೂ ಕೇಳಿಸುವ ಹಾಗೆ. "ಇಷ್ಟು ವರ್ಷ ಬಟ್ಲು ಕೊಡೋವಾಗ ನಿಮಗೆ ಗೊತ್ತಿತ್ತಾ, ಇದು ಬರುತ್ತೆ ಅಂತ?"

ಮಂಜುಳಮ್ಮನವರ ಬೆರಳಲ್ಲಿದ್ದ ಕಾಳು ಹಾಗೆಯೇ ನಿಂತಿತು. "ಗೊತ್ತಿರ್ಲಿಲ್ಲ," ಎಂದರು. ನಂತರ ಮೆಲ್ಲಗೆ, ತನಗೆ ತಾನೇ ಹೇಳಿಕೊಂಡ ಹಾಗೆ, "ಯಾಕೆ ಕೊಡ್ತಿದ್ದೆ ನಾನು?"

"ಯಾಕೆ ಕೊಡ್ತಿದ್ಲು ನಾನು ಹೇಳ್ತೀನಿ," ಎಂದಳು ಅಯ್ಯಮ್ಮ. "ಬಟ್ಲು ಕೈಗಿಡೋವಾಗ ಇವಳ ಮುಖ ನೋಡ್ಬೇಕು ನೀವು. ಲಾಟ್ರಿ ಹೊಡೆದಂಗಿರುತ್ತೆ! ನಾನು ಎಷ್ಟೋ ದಿನ ಹೊಟ್ಟೆ ತುಂಬಿದ್ರೂ ಈಸ್ಕೊಂಡಿದೀನಿ. ಬೇಡ ಅಂದ್ರೆ ಆ ಮುಖ ಬಾಡೋಗ್ತದಲ್ಲ ಅಂತ."

ಜಗಲಿ ನಗೆಯಲ್ಲಿ ಮುಳುಗಿತು. "ಸಿಕ್ಕಾಕ್ಕೊಂಡ್ರು ಮಂಜುಳಕ್ಕ! ಒಳ್ಳೇವ್ರು ಅಂತ ಪ್ರೂಫ್ ಸಮೇತ ಸಿಕ್ಕಾಕ್ಕೊಂಡ್ರು!" ಎಂದು ಶಾಂತಕುಮಾರಿ ಕಿರುಚಿದಳು.

"ಸುಳ್ಳು! ಖುಷಿ ಆಯ್ತು ಅಂದಮೇಲೆ ಅದೂ ನನ್ನ ಸ್ವಂತಕ್ಕೇ!" ಎಂದು ಮಂಜುಳಮ್ಮನವರು ಕೂಗಿದರು. ಮುಖ ಮಾತ್ರ ಕೆಂಪಾಗಿತ್ತು.

ಹಂಸ ಕಾಳು ಹಿಸುಕುತ್ತಾ ಯೋಚಿಸಿದಳು. ಸ್ವಂತಕ್ಕೆ ಮಾಡಿದ್ದು, ಪರರಿಗೆ ಮಾಡಿದ್ದು ಎಂದು ಉತ್ತರಪತ್ರಿಕೆಯಲ್ಲಿ ಅವಳು ಗೆರೆ ಎಳೆದು ಎರಡು ಭಾಗ ಮಾಡಿದ್ದಳು. ಈ ಮುಖವನ್ನು ಗೆರೆಯ ಯಾವ ಕಡೆಗೆ ಹಾಕುವುದು? ಮುಯ್ಯಿ ಎಂಬ ಲೆಕ್ಕವಿಲ್ಲದಿದ್ದರೆ ಇಷ್ಟು ಜನ ಈ ಜಗಲಿಗೆ ಬಂದು ಕೂರುತ್ತಲೇ ಇರಲಿಲ್ಲ. ಆದರೆ ಕೂತಮೇಲೆ ಇಲ್ಲಿ ನಡೆಯುತ್ತಿರುವುದೆಲ್ಲ ಬರೀ ಲೆಕ್ಕವೇ ಎಂದರೆ ಅದೂ ಸುಳ್ಳಾಗುತ್ತದೆ. ಅಷ್ಟರಲ್ಲಿ ಒಂದು ಬೇಳೆ ಚಿಮ್ಮಿ ಬಂದು ಅವಳ ಹುಬ್ಬಿಗೆ ಬಡಿಯಿತು. ಹೊಡೆದವರು ಯಾರೆಂದು ಹುಡುಕುವುದರಲ್ಲಿ ಯೋಚನೆ ಅಲ್ಲಿಗೇ ನಿಂತಿತು.

ಭಾನುವಾರ ಕೃಷ್ಣರಾಜಪುರದ ನಲವತ್ತು ಬಾಯಿ ಬಂದವು. ಸಾರಿನ ಘಮ ನೂರಡಿ ರಸ್ತೆಯವರೆಗೆ ಹೋಗಿತ್ತೆಂದು ಆನಂದ್ ಆಣೆ ಮಾಡಿ ಹೇಳಿದ. ಅಂಜನಮೂರ್ತಿಯವರು ಮೊದಲ ತುತ್ತು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಬೇಳೆಗಳನ್ನು ಎಲೆಯ ಮೇಲೆ ಹರಡಿ ನೋಡಿದರು.

"ಇಷ್ಟೊಂದು ಯಾರು ಹಿದುಕಿದ್ದಮ್ಮ?"

ಹಂಸ ಬಾಗಿಲ ಕಡೆ ಕೈ ತೋರಿಸಿದಳು. ಅಲ್ಲಿ ಶಾಂತಕುಮಾರಿ ನೀರಿನ ಜಗ್ಗು ಹಿಡಿದು ಬಡಿಸಲು ನಿಂತಿದ್ದಳು. ಖುರ್ಷಿದ್ ಬೀ ಎಲೆ ಎಣಿಸುತ್ತಿದ್ದರು. ಅಯ್ಯಮ್ಮ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. "ಇವರೆಲ್ಲ ಅಪ್ಪಾಜಿ. ನಾನು ಕರೆದೆ, ಬಂದ್ರು."

"ನೀನು ಕರೆದೆಯಾ?" ಎಂದರು ಅಂಜನಮೂರ್ತಿಯವರು. ಮಗಳನ್ನೇ ನೋಡುತ್ತಿದ್ದವರು ಮುಂದಿನ ತುತ್ತನ್ನು ಮರೆತರು. ಅವರ ಕಣ್ಣು ತುಂಬಿತು, ಸಾರಿನ ಖಾರಕ್ಕೆ ಎಂದು ಒರೆಸಿಕೊಂಡರು. ಊಟವಾದಮೇಲೆ ಹಳೆಯ ಅಭ್ಯಾಸ ಬಲವಂತ ಮಾಡಿತು. "ಬೀಗರೇ, ಇವರಿಗೆಲ್ಲ ನಾವು ಏನಾದ್ರೂ ಕೊಟ್ಟು ಈಗ್ಲೇ ತೀರಿಸ್ಬಿಡ್ಬೇಕು" ಎಂದು ಮಂಜುಳಮ್ಮನವರ ಹತ್ತಿರ ಪಿಸುಗುಟ್ಟಿದರು.

"ಆತುರ ಯಾಕೆ ಬೀಗರೇ?" ಎಂದರು ಮಂಜುಳಮ್ಮನವರು. "ಈಗ್ಲೇ ತೀರಿಸ್ಬಿಟ್ರೆ ಮತ್ತೆ ಬರಾಕೆ ನೆಪ ಏನಿರುತ್ತೆ? ಇಟ್ಕೊಂಡಿರಿ ಒಂದಿಷ್ಟು ದಿನ."

ಅಂಜನಮೂರ್ತಿಯವರು ಆ ಮಾತನ್ನು ಸ್ವಲ್ಪ ಹೊತ್ತು ಅಗಿದರು. ಆಮೇಲೆ, ಅವರ ಮನೆಯವರೆಲ್ಲ ಬೆರಗಾಗುವ ಹಾಗೆ, "ಹಾಗಾದ್ರೆ ಇನ್ನೊಂದು ಸೌಟು ಸಾರು ಹಾಕ್ಸಿ, ಲೋಟದಲ್ಲಿ ಕುಡೀತೀನಿ" ಎಂದರು.

ಸೋಮವಾರ ಬೆಳಗ್ಗೆ ಹಂಸ ಅಂಗಳ ಗುಡಿಸುತ್ತಿದ್ದಳು. ಬೆರಳ ತುದಿಗಳು ಇನ್ನೂ ಸುಕ್ಕುಗಟ್ಟಿದ್ದವು. ಗೇಟಿನ ಹೊರಗೆ ಖುರ್ಷಿದ್ ಬೀ ಬಂದು ನಿಂತರು. ಮಂಜುಳಮ್ಮನವರನ್ನು ಕೂಗಲಿಲ್ಲ.

"ಹಂಸಾ! ಈದ್ ಬಂತು. ಶೀರ್ ಖುರ್ಮಾ ಪಾಯಸಕ್ಕೆ ಬಾದಾಮಿ, ಪಿಸ್ತಾ ಸಣ್ಣಕ್ಕೆ ಸೀಳ್ಬೇಕು, ರಾಶಿ ಬಿದ್ದಿದೆ. ಮಿಷನ್ ಕೈ ಬೇಕು ನಂಗೆ. ಬರ್ತೀಯಾ?"

"ಬರ್ತೀನಿ ಆಪಾ," ಎಂದು ಹಂಸ ಪೊರಕೆ ಗೋಡೆಗೊರಗಿಸಿದಳು. ಎರಡು ಹೆಜ್ಜೆ ಇಟ್ಟವಳು ನಿಂತಳು. "ಆದ್ರೆ ಕೆಲಸ ಮುಗಿದ್ಮೇಲೆ ನಂಗೆ ಎರಡೂ ಕೈಗೆ ಮೆಹಂದಿ ಹಾಕ್ಬೇಕು. ಮೊಣಕೈವರೆಗೂ."

ಖುರ್ಷಿದ್ ಬೀ ಗೇಟಿನ ಸರಳು ಹಿಡಿದುಕೊಂಡು ಕುಲುಕುಲು ನಕ್ಕರು.

"ಕ್ಯಾ ಜೀ ಮಂಜುಳಾ, ಕೇಳಿಸ್ತಾ? ನಿನ್ನ ಸೊಸೆ ರೇಟ್ ಹೇಳೋಕೆ ಕಲಿತುಬಿಟ್ಳು!"

"ಮೊಣಕೈವರೆಗೆ ಅಂದ್ರೆ ಕಮ್ಮಿ ಆಯ್ತು, ಕಾಲಿಗೂ ಕೇಳು ಅನ್ನು!" ಎಂದು ಒಳಗಿನಿಂದ ಉತ್ತರ ಬಂತು.

ಹಂಸ ತಟ್ಟೆ ತರಲು ಒಳಗೆ ಓಡಿದಳು.